ನೀಲಗಿರಿ ಎಣ್ಣೆಯ ಸೀಸೆ

ಎಮ್ಮೆದೊಡ್ಡಿಯ ನಮ್ಮ ಮನೆಯ ಗೋಡೆಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ನೀಲಗಿರಿ ಎಣ್ಣೆಯ ಸೀಸೆಯೊಂದು ಸದಾ ಇರುತ್ತಿತ್ತು. ನೆಗಡಿಯಾದಾಗ ಅವ್ವ ಬಿಸಿನೀರಿಗೆ ಎರಡು ತೊಟ್ಟು ಹಾಕಿ, ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದಳು. ಹೆಸರು ಕೇಳಿ, ಇದು ನಮ್ಮ ನಾಡಿನದೇ ಗಿಡವೆಂದು ಬಹುಕಾಲ ನಂಬಿದ್ದೆ.

ಮರವಾದರೋ ಆಸ್ಟ್ರೇಲಿಯಾದ್ದು. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಇದರ ಕೆಲವು ಜಾತಿಗಳನ್ನು ನೆಡಿಸಿದನೆಂದು ಹೇಳುತ್ತಾರೆ. ಎಣ್ಣೆಗೆ ಹೆಸರಾದ ಜಾತಿ 1843ರಲ್ಲಿ ನೀಲಗಿರಿ ಬೆಟ್ಟಗಳಿಗೆ ಬಂದಿತು. ಬೆಟ್ಟದ ಹೆಸರೇ ಮರಕ್ಕೂ, ಅದರ ಎಲೆಯಿಂದ ಭಟ್ಟಿಯಿಳಿಸಿದ ತೈಲಕ್ಕೂ ನಿಂತಿತು. ಆ ಘಾಟು ಮುಖ್ಯವಾಗಿ ಸಿನಿಯೋಲ್ ಎಂಬ ದ್ರವ್ಯದ್ದು.

ಹೆಸರು ನಮ್ಮದೆನಿಸಿದ್ದರಿಂದಲೇ ಯಾರೂ ಅಂಜಲಿಲ್ಲ. ತಮ್ಮ ಮೂರು ವರ್ಷದವನಿದ್ದಾಗ, ಕೆಮ್ಮಿಗೆಂದು ಅಜ್ಜಿ ಸಕ್ಕರೆಯಲ್ಲಿ ಬೆರೆಸಿ ಇದನ್ನು ನೆಕ್ಕಿಸಿದಳು. ಅರ್ಧ ಗಂಟೆಯೊಳಗೆ ಹುಡುಗನಿಗೆ ಸೆಳವು ಬಂದಿತು. ಗಾಡಿ ಕಟ್ಟಿ ಕಡೂರಿಗೆ ಒಯ್ದೆವು, ಬದುಕಿದ. ಅಜ್ಜಿ ಮತ್ತೆ ಆ ಸೀಸೆಯನ್ನು ಮುಟ್ಟಲಿಲ್ಲ.

ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ: ಈ ಎಣ್ಣೆಯನ್ನು ಯಾರಿಗೂ ಕುಡಿಸಬೇಡಿ, ಕೆಲವೇ ಮಿಲಿಲೀಟರ್ ಮಗುವಿನ ಪ್ರಾಣಕ್ಕೆ ಸಂಚಕಾರ. ಎಳೆಯ ಮಕ್ಕಳ ಮೂಗಿಗೆ, ಮುಖಕ್ಕೆ ಸವರಬೇಡಿ. ಮೂರ್ಛೆರೋಗವಿರುವವರು ದೂರವಿರಲಿ. ದೊಡ್ಡವರೂ ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿಯೇ ಹಚ್ಚಿಕೊಳ್ಳಲಿ. ಮಗು ನುಂಗಿತೆಂದರೆ, ವಾಂತಿ ಮಾಡಿಸಲು ಹೋಗದೆ ಆಸ್ಪತ್ರೆಗೆ ಓಡಿ.

ಸೀಸೆ ನಮ್ಮ ಮನೆಯಲ್ಲಿ ಇಂದಿಗೂ ಇದೆ, ಮೊಮ್ಮಕ್ಕಳ ಕೈಗೆಟುಕದ ಬೀರುವಿನಲ್ಲಿ.