ಬಾಗಿಲು ಮತ್ತು ಕಿಂಡಿ

ಲಂಡನ್ನಿನ ಡೌನಿಂಗ್ ಸ್ಟ್ರೀಟಿನ 10ನೇ ಸಂಖ್ಯೆಯ ಮನೆಯ ಕಪ್ಪು ಬಾಗಿಲು ಒಂದು ಕಾಲಕ್ಕೆ ಓಕ್ ಮರದ್ದು. ಇಂದು ಸ್ಫೋಟವನ್ನು ತಡೆಯಬಲ್ಲ ಉಕ್ಕಿನದು. ಈ ಬದಲಾವಣೆಗೆ ಕಾರಣ 1991ರ ಫೆಬ್ರವರಿ 7ರ ದಾಳಿ. ಐರಿಷ್ ರಿಪಬ್ಲಿಕನ್ ಸೇನೆಯು ವ್ಯಾನಿನಿಂದ ಹಾರಿಸಿದ ಮೂರು ಮಾರ್ಟರ್ ಶೆಲ್‌ಗಳಲ್ಲಿ ಒಂದು, ಪ್ರಧಾನಿ ಜಾನ್ ಮೇಜರ್ ಸಭೆ ನಡೆಸುತ್ತಿದ್ದಾಗಲೇ ಹಿತ್ತಲ ತೋಟದಲ್ಲಿ ಸಿಡಿಯಿತು. ಒಳಗಿದ್ದವರನ್ನು ಕಾಪಾಡಿದ್ದು ಕಿಟಕಿಗಳಿಗೆ ಮೊದಲೇ ಅಳವಡಿಸಿದ್ದ ರಕ್ಷಣೆ. ಮುಂಬಾಗಿಲಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಗುಂಡುನಿರೋಧಕ ಬಾಗಿಲನ್ನು ಆರಿಸುವವರಿಗೂ ಇದೇ ಪಾಠ. ಯುರೋಪಿನ ಇಎನ್ 1522 ಮಾನದಂಡವು ಇಂಥ ಬಾಗಿಲುಗಳನ್ನು ಎಫ್‌ಬಿ1ರಿಂದ ಎಫ್‌ಬಿ7ರವರೆಗೆ ವರ್ಗೀಕರಿಸುತ್ತದೆ. ಆದರೆ ಚೌಕಟ್ಟು, ಪಕ್ಕದ ಗಾಜು, ಗೋಡೆಗಳು ದುರ್ಬಲವಾಗಿದ್ದರೆ ಬಾಗಿಲಿನ ಬಲ ವ್ಯರ್ಥ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಿಂದ ಎಂಬ ಓಬವ್ವನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸತೇನಲ್ಲ.