ಸೊಂಟದ ಸಂಚೀನೇ ಇವತ್ತಿನ ರಿಸೆಪ್ಷನ್ ಬ್ಯಾಗು

ಈಗ ನಮ್ ಕಡೆ ಮದುವೆಗಳಲ್ಲಿ ಮುಹೂರ್ತಕ್ಕಿಂತ ಸಾಯಂಕಾಲದ ರಿಸೆಪ್ಷನ್ನೇ ಜೋರು. ಹುಡುಗೀರು ಸೀರೆಗೆ ಒಪ್ಪೋ ಹಂಗೆ ಒಂದು ಪುಟ್ಟ ರೇಷ್ಮೆ ಚೀಲ ಕೈಗೆ ತಗಲಾಕ್ಕೊಂಡು ಬರ್ತಾರೆ. ಬಾಯಿಗೆ ದಾರ, ದಾರದ ತುದಿಗೆ ಕುಚ್ಚು, ಮೈಮೇಲೆ ಮಣಿ. ಏನೇ ಇದು ಅಂದ್ರೆ ‘ಪೋಟ್ಲಿ ಬ್ಯಾಗು, ಡಿಸೈನರ್‌ದು’ ಅಂತಾರೆ. ಪೋಟ್ಲಿ ಅಂದ್ರೆ ಹಿಂದೀಲಿ ಗಂಟು. ವಯಸ್ಸಾದೋರು ಅದನ್ನ ನೋಡಿ ನಗ್ತಾರೆ. ಯಾಕಂದ್ರೆ ಅದು ನಮ್ಮ ಅಜ್ಜೀರ ಸೊಂಟದಲ್ಲಿದ್ದ ಸಂಚಿ, ಅಷ್ಟೇ ಕಣ್ರಮ್ಮ.

ಸಂಚಿ ಅನ್ನೋ ಮಾತು ನಮ್ ಗೌರಿಬಿದನೂರು, ಚಿಂತಾಮಣಿ ಕಡೆ ಕನ್ನಡದೋರಿಗೂ ಗೊತ್ತು, ತೆಲುಗಿನೋರಿಗೂ ಗೊತ್ತು. ತೆಲುಗಲ್ಲಿ ಯಾವ ಚೀಲ ಆದ್ರೂ ಸಂಚೀನೇ. ಕನ್ನಡದಲ್ಲಿ ಸಂಚಿ ಅಂದ ತಕ್ಷಣ ನೆನಪಾಗೋದು ಎಲೆ ಅಡಿಕೆ ಚೀಲ. ಒಂದು ಅರೇಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ. ಒಳಗಿನ ಅರೇಲಿ ಯಾರಿಗೂ ಕಾಣದ ನಾಲ್ಕು ಕಾಸು.

ಈ ಚೀಲದ ಹೆಸರು ಹೊತ್ತ ಒಬ್ಬ ಹೆಣ್ಣುಮಗಳು ನಮ್ಮ ಸಾಹಿತ್ಯದಲ್ಲಿ ಅವ್ಳೆ. ಸಂಚಿಯ ಹೊನ್ನಮ್ಮ. ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರು ಆಳ್ತಿದ್ದಾಗ (1673–1704) ಅರಮನೇಲಿ ಎಲೆ ಅಡಿಕೆ ಸಂಚಿ ಹಿಡಿಯೋ ಊಳಿಗ ಅವಳದು. ಆ ಊಳಿಗದೋಳೇ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದ್ಳು. ಅದರಲ್ಲಿ ಹೆಂಡತಿ ಹೆಂಗಿರಬೇಕು ಅಂತ ಹೇಳಿರೋದು ಬೇಕಾದಷ್ಟು ಐತೆ. ಆದ್ರೆ ಹೆಣ್ಣನ್ನ ಕೀಳಾಗಿ ನೋಡೋರನ್ನ ಕೇಳೋದನ್ನೂ ಅವಳು ಬಿಟ್ಟಿಲ್ಲ. ಅವಳಿಗಿಂತ ಐನೂರು ವರ್ಷ ಹಿಂದೆ, ಬಸವಣ್ಣನವರ ಕಾಲದಲ್ಲಿ, ಹಡಪದ ಅಪ್ಪಣ್ಣ ಇದ್ರು. ಹಡಪ ಅಂದ್ರೂ ಎಲೆ ಅಡಿಕೆ ಚೀಲಾನೇ. ಅವರ ಹೆಂಡತಿ ಲಿಂಗಮ್ಮ ವಚನ ಬರೆದೋರು. ಚೀಲ ಹಿಡಿಯೋ ಕೆಲಸ ಸಣ್ಣದು ಅಂತ ಯಾರಾದ್ರೂ ಅಂದ್ರೆ ಈ ಇಬ್ಬರ ಹೆಸರು ಹೇಳಿ.

ಇಂಗ್ಲೆಂಡು, ಫ್ರಾನ್ಸಿನ ಹೆಂಗಸರದ್ದೂ ಇದೇ ಕತೆ. ಹದಿನೆಂಟನೇ ಶತಮಾನದಲ್ಲಿ ಅವರು ಜೇಬನ್ನ ಬಟ್ಟೆಗೆ ಸೇರಿಸಿ ಹೊಲೀತಿರಲಿಲ್ಲ. ಜೇಬೇ ಬೇರೆ ಚೀಲ, ಲಾಡಿ ಹಾಕಿ ಲಂಗದ ಒಳಗೆ ಸೊಂಟಕ್ಕೆ ಕಟ್ಟೋರು. 1790ರ ಸುಮಾರಿಗೆ ಮೈಗೆ ಹತ್ತಿಕೊಳ್ಳೋ ತೆಳು ಗೌನು ಬಂತು. ಒಳಗೆ ಚೀಲ ಕಟ್ಟಿದ್ರೆ ಉಬ್ಬಿ ಕಾಣೋದು. ಅದಕ್ಕೆ ಒಳಗಿದ್ದ ಚೀಲ ಹೊರಗೆ ಕೈಗೆ ಬಂತು. ರೆಟಿಕ್ಯೂಲ್ ಅಂತ ಹೆಸರು, ದಾರ ಎಳೆದ್ರೆ ಬಾಯಿ ಮುಚ್ಚೋ ಪುಟ್ಟ ಚೀಲ. ಮನೇಲೇ ಮಣಿ ಪೋಣಿಸಿ, ಕಸೂತಿ ಹಾಕಿ ಮಾಡ್ಕೊಳೋರು. ಇವತ್ತಿನ ಈವ್ನಿಂಗ್ ಬ್ಯಾಗಿಗೆಲ್ಲ ಅದೇ ಅಜ್ಜಿ. 1955ರಲ್ಲಿ ಶನೆಲ್ ಅನ್ನೋ ಫ್ರೆಂಚ್ ಹೆಂಗಸು ಬ್ಯಾಗಿಗೆ ಸರಪಳಿ ಹಾಕಿ ಹೆಗಲಿಗೇರಿಸಿದ್ಳು, ಕೈ ಖಾಲಿ ಇರ್ಲಿ ಅಂತ. ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಂಡು ಕಳೆ ಕೀಳ್ತಿದ್ದ ನಮ್ಮೋರ ಕೈ ಮೊದಲಿಂದ್ಲೂ ಖಾಲೀನೇ ಇತ್ತು!

ಆ ಸಂಚೀಲಿ ಇದ್ದ ದುಡ್ಡಿನ ಮಾತೂ ಹೇಳಬೇಕು. ಹಾಲು, ಮೊಟ್ಟೆ, ಹೂವು ಮಾರಿದ ಕಾಸು ಗಂಡಸರ ಲೆಕ್ಕಕ್ಕೆ ಸಿಗದೆ ಅಲ್ಲಿ ಕೂತಿರೋದು. ಕಾನೂನು ಹೆಣ್ಣಿನ ಆಸ್ತಿ ವಿಷಯಕ್ಕೆ ಬಂದಿದ್ದು ತಡವಾಗಿ. ನಮ್ ಊರುಗಳೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದಾಗ, 1933ರಲ್ಲಿ, ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂತು. ಬ್ರಿಟಿಷರ ಸೀಮೇಲಿ ಅಂಥದ್ದು ಬಂದಿದ್ದು 1937ಕ್ಕೆ. ಅಲ್ಲೀವರೆಗೂ ಎಷ್ಟೋ ಮನೇಲಿ ಹೆಂಗಸಿಗೆ ಸಂಚೀನೇ ಬ್ಯಾಂಕು.

ಮನೇಲಿ ಮಾಡಿದ್ದು ಅಂದ್ರೆ ಬಡತನ ಅನ್ನೋ ನಾಚಿಕೆ ನಮಗೆ ಬೇಡ. 1938ರ ಏಪ್ರಿಲ್ 25ರಂದು ಇಲ್ಲೇ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ ಜನದ ಮೇಲೆ ಗುಂಡು ಹಾರಿತಲ್ಲ, ಆವಾಗಿನ ಬಾವುಟದ ನಡುವೆ ಇದ್ದಿದ್ದು ಚರಕ. ಮನೇಲಿ ನೂಲೋ ಚರಕಾನೇ ಆವತ್ತು ದೇಶದ ಗುರುತು.

ರೇಷ್ಮೆಗೂ ನಾವು ದೂರ ಹೋಗಬೇಕಿಲ್ಲ. ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನ ಕಳಿಸಿ ರೇಷ್ಮೆ ಹುಳ ತರಿಸಿದ ಮೇಲೆ ಮೈಸೂರು ಸೀಮೇಲಿ ಹಿಪ್ಪುನೇರಳೆ ಬೇರೂರಿತು. ಇವತ್ತು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ರಾಜ್ಯದಲ್ಲೇ ದೊಡ್ಡವುಗಳಲ್ಲಿ ಒಂದು. ಬಿಸಿನೀರಲ್ಲಿ ಬೆಂದ ಒಂದು ಗೂಡಿಂದ ನೂರಾರು ಮೀಟರ್ ಎಳೆ ಬಿಚ್ತಾರೆ, ಆ ಕೆಲಸದಲ್ಲಿ ಎಷ್ಟು ಜನ ಹೆಂಗಸರ ಬೆರಳು ನವೆದವೆ. ಪಕ್ಕದ ದೊಡ್ಡಬಳ್ಳಾಪುರದ ಮಗ್ಗದಲ್ಲಿ ಸೀರೆ ಆಗುತ್ತೆ. ಇಷ್ಟು ಕೈ ದಾಟಿ ಬಂದ ಸೀರೇನ ಹರಿದೋಯ್ತು ಅಂತ ಬೀದೀಲಿ ಹಳೆ ರೇಷ್ಮೆ ಸೀರೆ ಕೊಳ್ಳೋರಿಗೆ ಕೊಟ್ಬಿಡ್ತೀವಿ. ಹಳೇ ಜರಿ ಅಂದ್ರೆ ಬೆಳ್ಳಿ ಎಳೆ. ಅವರು ಅದನ್ನ ಸುಟ್ಟು ಬೆಳ್ಳಿ ತೆಗೀತಾರೆ. ಅಜ್ಜಿ ಧಾರೆ ಸೀರೆ ಬೂದಿ ಆಗೋದು ಹಿಂಗೇ.

ಕೊಡೋ ಮೊದ್ಲು ಸೆರಗಿನ ಕಡೆಯಿಂದ ಗಟ್ಟಿ ಇರೋ ತುಂಡು ಕತ್ತರಿಸಿಕೊಳ್ಳಿ. ಒಂಬತ್ತು ಇಂಚು ಉದ್ದ, ಎಂಟು ಇಂಚು ಅಗಲದ ಎರಡು ತುಂಡು ಸಾಕು. ಅಷ್ಟೇ ಅಳತೇಲಿ ಒಳಗಡೆಗೆ ಹಳೆ ಪಂಚೆ ಬಟ್ಟೆ ಎರಡು ತುಂಡು. ರೇಷ್ಮೆ ತುಂಡುಗಳನ್ನ ಒಳಮುಖ ಮಾಡಿ ಮೂರು ಕಡೆ ಹೊಲೀರಿ. ಎರಡೂ ಪಕ್ಕದಲ್ಲಿ, ಬಾಯಿಂದ ಒಂದೂವರೆ ಇಂಚು ಕೆಳಗೆ, ಅರ್ಧ ಇಂಚು ಹೊಲೀದೆ ಬಿಡಿ. ಪಂಚೆ ಚೀಲಾನೂ ಹೊಲಿದು, ರೇಷ್ಮೇದನ್ನ ತಿರುವಿ ಅದರೊಳಗೆ ಇಳಿಸಿ. ಎರಡರ ಅಂಚೂ ಒಳಕ್ಕೆ ಮಡಚಿ ಬಾಯಿ ಸುತ್ತ ಹೊಲೀರಿ. ಬಿಟ್ಟ ಜಾಗದ ಮೇಲೊಂದು ಕೆಳಗೊಂದು ಸುತ್ತ ಹೊಲಿಗೆ ಹಾಕಿದ್ರೆ ದಾರಕ್ಕೆ ದಾರಿ ಆಯ್ತು. ಪಿನ್ನಿಗೆ ಕಟ್ಟಿ ಎರಡು ದಾರ ತೂರಿಸಿ, ಒಂದು ಎಡಗಡೆಯಿಂದ ಹೊರಟು ಸುತ್ತಿ ಎಡಕ್ಕೇ ಬರಬೇಕು, ಇನ್ನೊಂದು ಬಲಕ್ಕೆ. ಎರಡೂ ಕಡೆ ಎಳೆದ್ರೆ ಬಾಯಿ ಮುಚ್ಚುತ್ತೆ. ತುದಿಗೆ ಸೀರೆಗೆ ಹಾಕೋ ಹಂಗೇ ಕುಚ್ಚು ಕಟ್ಟಿ. ಕಿತ್ತೋದ ಸರದ ಮಣಿ ಇದ್ರೆ ಅಲ್ಲಲ್ಲಿ ಹೊಲೀರಿ. ಜರಿ ಬಟ್ಟೆ ಎಳೆ ಬಿಡುತ್ತೆ, ಅದಕ್ಕೇ ಕತ್ತರಿಸಿದ ಅಂಚಿಗೆ ಮೊದ್ಲೇ ಸುತ್ತುಹೊಲಿಗೆ ಹಾಕ್ಕೊಳ್ಳಿ.

ಒಳಗೆ ಒಂದು ಸಣ್ಣ ಅರೆ ಹೊಲಿಯೋದು ಮಾತ್ರ ಮರೀಬೇಡಿ. ಅಂಗಡಿ ಪೋಟ್ಲೀಲಿ ಬಹಳಷ್ಟಕ್ಕೆ ಅದು ಇರಲ್ಲ. ಮೊಬೈಲು, ಲಿಪ್‌ಸ್ಟಿಕ್ಕು ಹೊರಗಿನ ಅರೇಲಿ ಇರ್ಲಿ. ಒಳಗಿನ ಅರೇಲಿ ನಿಮ್ಮದೇ ಆದ ಒಂದು ನೂರು ರೂಪಾಯಿ ಮಡಚಿಡಿ. ಮಗಳಿಗೆ ಕೊಡೋವಾಗ ಇದು ಯಾರ ಸೀರೆ ಅಂತಲೂ ಹೇಳಿ ಕೊಡಿ.