ಕಾಡಿನಲ್ಲಿ ನಿಂತ ಎರಡು ಎಂಜಿನುಗಳು

ಉದ್ಯಮಿಯ ಬಾಳನ್ನು ಲಾಭನಷ್ಟದ ಲೆಕ್ಕದಿಂದಲೇ ಅಳೆಯುವುದು ವಾಡಿಕೆ. ಎದ್ವಾರ್ ಲಾಕ್ರ್ವಾನ ಚರಿತ್ರೆ ಆ ಅಳತೆಗೆ ಒಗ್ಗುವುದಿಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತದ ಬೋಸ್, ಫ್ರೆಂಚ್ ನುಡಿಯುವ ರೈತರ ಸೀಮೆ. 1889ರಲ್ಲಿ ಅಲ್ಲಿ ಜನಿಸಿದ ಲಾಕ್ರ್ವಾ ಮರದ ವ್ಯಾಪಾರದಿಂದ ಮೇಲೆ ಬಂದವನು. 1925ರಲ್ಲಿ ಆ ಸೀಮೆಯ ಜನ ಆತನನ್ನು ಕೆನಡಾದ ಸಂಸತ್ತಿಗೆ ಆರಿಸಿ ಕಳುಹಿಸಿದರು.

ಗಡಿಯಾಚೆ, ಅಮೆರಿಕದ ಮೇನ್ ರಾಜ್ಯದ ಅರಣ್ಯದಲ್ಲಿಯೂ ಆತ ಮರ ಕಡಿಸುತ್ತಿದ್ದ. ಅಲ್ಲೊಂದು ತೊಡಕಿತ್ತು. ಕಾಗದದ ಗಿರಣಿ ಇದ್ದುದು ದಕ್ಷಿಣಕ್ಕೆ. ಅಲಗಾಶ್ ನದಿ ಹರಿಯುವುದು ಉತ್ತರಕ್ಕೆ. ನೀರು ಒಲ್ಲದ ಕೆಲಸವನ್ನು ಕಬ್ಬಿಣದಿಂದ ಮಾಡಿಸಲು ಹೊರಟ ಲಾಕ್ರ್ವಾ, ಚಳಿಗಾಲದ ಹಿಮದ ಮೇಲೆ ಸಾಮಗ್ರಿಗಳನ್ನು ಎಳೆಸಿ ತಂದು, 1927ರಲ್ಲಿ ಸುಮಾರು 13 ಮೈಲಿಯ ರೈಲುದಾರಿಯನ್ನು ಪೂರೈಸಿದ. ಈಗಲ್ ಸರೋವರದ ದಿಮ್ಮಿಗಳು ದಕ್ಷಿಣಾಭಿಮುಖವಾದ ಪೆನಾಬ್ಸ್ಕಾಟ್ ನದಿಯ ನೀರನ್ನು ಸೇರತೊಡಗಿದವು.

1929ರ ಅನಂತರದ ಆರ್ಥಿಕ ಮುಗ್ಗಟ್ಟು ಕಾಗದದ ಉದ್ಯಮವನ್ನೂ ತಟ್ಟಿತು. 1933ರ ವೇಳೆಗೆ ಆ ಹಳಿಗಳ ಮೇಲೆ ಓಡಾಟ ನಿಂತಿತು. ಎರಡು ಉಗಿ ಎಂಜಿನುಗಳು ತುಕ್ಕು ಹಿಡಿದು ಇಂದಿಗೂ ಆ ಮರಗಳ ನಡುವೆ ನಿಂತಿವೆ.

ಆದರೆ ಊರವರು ಆತನ ಕೈಬಿಡಲಿಲ್ಲ. 1944ರವರೆಗೆ ಆತ ಸಂಸತ್ತಿನಲ್ಲಿದ್ದ; ಲಿಬರಲ್ ಪಕ್ಷವನ್ನು ತೊರೆದಿದ್ದ ಆತ ಅದೇ ವರ್ಷ ಹೊಸ ಪಕ್ಷವೊಂದರಿಂದ ನಿಂತಾಗಲೂ ಪ್ರಾಂತದ ಶಾಸನಸಭೆಗೆ ಅವರೇ ಆರಿಸಿದರು. ಕಬ್ಬಿಣದ ದಾರಿ ಬಾಳಿದ್ದು ಆರೇ ವರ್ಷ. ಜನರ ವಿಶ್ವಾಸದ ಆಯುಸ್ಸು ಅದರ ಮೂರು ಪಟ್ಟಿಗೂ ಮಿಗಿಲು.